ಕಾಲಿನ ಸುದ್ದಿ ತಲೆಗೆ ಮುಟ್ಟುವ ದಾರಿ

ಸಾಯಂಕಾಲದ ಹೊತ್ತು. ಹೋಟೆಲಿನಲ್ಲಿ ಕಾಲಿಡಲು ಸ್ಥಳವಿಲ್ಲ. ಎಡತೋಳಿನ ಮೇಲೆ ಸಾಲಾಗಿ ಮೂರು ಪ್ಲೇಟುಗಳು, ಬಲಗೈಯ ಬೆರಳ ಸಂದುಗಳಲ್ಲಿ ನಾಲ್ಕು ನೀರಿನ ಲೋಟಗಳು. ಹೀಗೆ ಮಾಣಿಯೊಬ್ಬನು ಅಡಿಗೆಮನೆಯ ಹೊಸ್ತಿಲು ದಾಟಿ ಬರುತ್ತಾನೆ. ಅವನ ಕಣ್ಣು ಮೂಲೆಯ ಮೇಜಿನ ಗಿರಾಕಿಯ ಮೇಲೆ. ಕಿವಿ ಗಲ್ಲಾಪೆಟ್ಟಿಗೆಯ ಕಡೆಗೆ. ಬಾಯಿ "ಎರಡು ಮಸಾಲೆ, ಒಂದು ಸಾದಾ" ಎಂದು ಒಳಗೆ ಕೂಗುತ್ತಿರುತ್ತದೆ. ಎದುರಿನಿಂದ ಎಂಜಲು ತಟ್ಟೆಗಳನ್ನು ಹೊತ್ತ ಹುಡುಗನು ಬಂದರೆ ಸೊಂಟವನ್ನು ಅತ್ತ ಬಾಗಿಸಿ, ಮೋರಿಯ ಬಳಿಯ ಒದ್ದೆ ನೆಲದಲ್ಲಿ ಹೆಜ್ಜೆಯನ್ನು ತಾನಾಗಿಯೇ ಸಣ್ಣದು ಮಾಡಿ, ಒಂದು ಹನಿ ಸಾಂಬಾರನ್ನೂ ಚೆಲ್ಲದೆ ಮೇಜಿಗೆ ಮುಟ್ಟುತ್ತಾನೆ. ಇಷ್ಟರಲ್ಲಿ ತನ್ನ ಪಾದವನ್ನು ಅವನು ಒಂದು ಸಲವಾದರೂ ನೋಡಿರುವುದಿಲ್ಲ.

ಈ ದೃಶ್ಯವನ್ನು ನಾವು ಹೋಟೆಲು ನಡೆಸುತ್ತಿದ್ದ ವರ್ಷಗಳಲ್ಲಿ ದಿನಕ್ಕೆ ನೂರು ಸಲ ನೋಡಿದ್ದೇವೆ. ಕುಳಿತಲ್ಲಿಂದ ಬಿಲ್ಲು ಎಣಿಸಿದೆವೇ ಹೊರತು, ಇವನ ಪಾದಕ್ಕೆ ನೆಲ ಎಲ್ಲಿದೆಯೆಂದು ಹೇಳಿದವರಾರು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವ ಪ್ರಸಂಗ ಒದಗಿದ್ದು ಒಂದು ತಪ್ಪಿನಿಂದ. ಆ ತಪ್ಪು ನಮ್ಮದೇ ಆದುದರಿಂದ ಅದನ್ನು ಮೊದಲು ಒಪ್ಪಿಕೊಂಡು, ಆಮೇಲೆ ವಿಷಯಕ್ಕೆ ಬರುತ್ತೇವೆ.

ಒಡೆದ ಲೋಟಗಳ ಲೆಕ್ಕ

ನಮ್ಮಲ್ಲಿ ಹಿರಿಯ ಮಾಣಿಯೊಬ್ಬರಿದ್ದರು. ಪ್ರಾಯದಲ್ಲಿ ನಮಗಿಂತ ಹತ್ತು ವರ್ಷ ದೊಡ್ಡವರು. ಹುಡುಗನಾಗಿದ್ದಾಗಲೇ ಊರು ಬಿಟ್ಟು ಮುಂಬಯಿಗೆ ಬಂದು, ಮೋರಿಯ ಕೆಲಸದಿಂದ ಆರಂಭಿಸಿ ಮೇಜಿನ ಕೆಲಸಕ್ಕೆ ಏರಿದವರು. ಹುಡುಗರೆಲ್ಲ ಅವರನ್ನು 'ಅಣ್ಣ' ಎನ್ನುತ್ತಿದ್ದರು; ನಾವೂ ಹಾಗೆಯೇ ಕರೆಯುತ್ತಿದ್ದೆವು. ಐದು ತಟ್ಟೆಗಳನ್ನು ಒಂದೇ ತೋಳಿನ ಮೇಲೆ ತರುವುದರಲ್ಲಿ ಅವರನ್ನು ಸರಿಗಟ್ಟುವವರು ನಮ್ಮ ಬೀದಿಯಲ್ಲಿಯೇ ಇರಲಿಲ್ಲ.

ಅಂಥವರು ಒಂದು ಮಳೆಗಾಲದಲ್ಲಿ ಲೋಟಗಳನ್ನು ಕೈಬಿಡತೊಡಗಿದರು. ವಾರಕ್ಕೊಂದು, ಆಮೇಲೆ ದಿನಕ್ಕೊಂದು. ಒಡೆದ ಲೋಟದ ಬೆಲೆಯನ್ನು ನಾವು ಸಂಬಳದಲ್ಲಿ ಮುರಿದುಕೊಂಡೆವು. ಮಲಗಲು ಅಟ್ಟಕ್ಕೆ ಹತ್ತುವಾಗ, ಮೆಟ್ಟಿಲ ದೀಪವಿಲ್ಲದ ರಾತ್ರಿಗಳಲ್ಲಿ, ಅವರು ಎರಡು ಸಲ ಉರುಳಿದರು. ಇಷ್ಟು ವರ್ಷ ಇಲ್ಲದ ಕುಡಿತದ ಚಟ ಈಗ ಹತ್ತಿತೇ ಎಂದು ನಾವು ಹುಡುಗರೆದುರಿಗೇ ಕೇಳಿದೆವು. ಅವರು ತಲೆ ತಗ್ಗಿಸಿ ನಿಂತರು. ಒಂದು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿಕೊಂಡವರು ನಿಂತಲ್ಲಿಯೇ ಮುಗ್ಗರಿಸಿ ಬಿದ್ದು ಹಣೆ ಒಡೆದುಕೊಂಡಾಗ, ಮೊದಲ ಸಲ ಬಾಯಿ ಬಿಟ್ಟರು:

"ಧಣಿ, ಕುಡಿದದ್ದಲ್ಲ. ಕಾಲಡಿಗೆ ನೆಲ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಹತ್ತಿಯ ಹಾಸಿಗೆಯ ಮೇಲೆ ನಡೆದ ಹಾಗಾಗುತ್ತದೆ. ಕಣ್ಣಿನಲ್ಲಿ ನೋಡಿಕೊಂಡರೆ ಮಾತ್ರ ಕಾಲು ನನ್ನದು."

ನಮ್ಮಲ್ಲಿಗೆ ಪ್ರತಿದಿನ ಕಾಫಿಗೆ ಬರುತ್ತಿದ್ದ ವೈದ್ಯರೊಬ್ಬರಿಗೆ ಈ ಮಾತನ್ನು ತಿಳಿಸಿದೆವು. ಅವರು ಅಣ್ಣನನ್ನು ಎರಡು ಪಾದಗಳನ್ನೂ ಕೂಡಿಸಿ ನಿಲ್ಲುವಂತೆ ಹೇಳಿದರು, ನಿಂತರು. ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದ ಕೂಡಲೇ ಗಾಳಿಗೆ ಸಿಕ್ಕ ಅಡಕೆಮರದಂತೆ ತೂಗಾಡಿದರು. ವೈದ್ಯರು ಅವರನ್ನು ಹಿಡಿದುಕೊಂಡು ನಮ್ಮ ಕಡೆಗೆ ತಿರುಗಿ, "ಇವರ ಕೈಕಾಲುಗಳಲ್ಲಿ ಬಲ ಇದೆ. ಸುದ್ದಿ ಮೇಲಕ್ಕೆ ಹೋಗುವ ದಾರಿ ಕೆಟ್ಟಿದೆ" ಎಂದರು.

ಆ ದಾರಿ ಯಾವುದು? ನಾವು ವೈದ್ಯರಲ್ಲ, ಎಸ್.ಎಸ್.ಎಲ್.ಸಿ.ಯಿಂದಾಚೆ ಓದಿದವರೂ ಅಲ್ಲ. ಆದರೆ ಅಂದಿನಿಂದ ಆ ವೈದ್ಯರನ್ನು ಕಾಡಿ ಬೇಡಿ, ಅವರು ಕೊಟ್ಟ ಪುಸ್ತಕಗಳನ್ನು ತಿರುವಿಹಾಕಿ ತಿಳಿದುಕೊಂಡುದನ್ನು ನಮ್ಮ ವಾಚಕರ ಮುಂದೆ ಇಡುತ್ತಿದ್ದೇವೆ. ನಿಂತು ದುಡಿಯುವವರೂ, ಕುಳಿತು ಬರೆಯುವವರೂ ಇದನ್ನು ತಿಳಿದಿರುವುದು ಒಳ್ಳೆಯದೆಂದು ನಮ್ಮ ಎಣಿಕೆ.

ಎಣಿಕೆಗೆ ಸಿಕ್ಕದ ಇಂದ್ರಿಯ

ಪಂಚೇಂದ್ರಿಯಗಳೆಂದು ನಾವು ಬಾಯಿಪಾಠ ಹೇಳುತ್ತೇವೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ಇವುಗಳಲ್ಲಿ ಸೇರದ ಇನ್ನೊಂದುಂಟು. ವಾಚಕರು ಈಗಲೇ ಕಣ್ಣು ಮುಚ್ಚಿ, ತೋರುಬೆರಳಿನಿಂದ ತಮ್ಮ ಮೂಗಿನ ತುದಿಯನ್ನು ಮುಟ್ಟಿಕೊಳ್ಳಲಿ. ಬೆರಳು ಸರಿಯಾಗಿ ಹೋಗಿ ಮುಟ್ಟುತ್ತದೆ. ಕಣ್ಣು ನೋಡಲಿಲ್ಲ, ಕಿವಿ ಕೇಳಲಿಲ್ಲ. ಹಾಗಾದರೆ ಕೈ ಎಲ್ಲಿದೆ, ಮೊಣಕೈ ಎಷ್ಟು ಬಾಗಿದೆ ಎಂಬ ಲೆಕ್ಕವನ್ನು ಇಟ್ಟವರು ಯಾರು? ವಿರಾರಿನ ಲೋಕಲು ಗಾಡಿಯಲ್ಲಿ ಮುಖದೆದುರು ಪತ್ರಿಕೆ ಹಿಡಿದು ನಿಂತ ಗುಮಾಸ್ತರು ಗಾಡಿ ತೂಗಿದಂತೆಲ್ಲ ತಾವೂ ತೂಗಿ ಬೀಳದೆ ಉಳಿಯುವುದು ಯಾರ ದಯೆಯಿಂದ?

ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ನರು ೧೯೦೬ರಲ್ಲಿ ಇದಕ್ಕೆ 'ಪ್ರೊಪ್ರಿಯೊಸೆಪ್ಷನ್' ಎಂಬ ಹೆಸರನ್ನು ರೂಢಿಗೆ ತಂದರು. ತನ್ನದನ್ನು ತಾನು ಅರಿಯುವುದು ಎಂದು ಅದರ ಭಾವ. ನಾವು ಇಲ್ಲಿ ಅದನ್ನು ಅಂಗಸ್ಥಿತಿಜ್ಞಾನ ಎಂದು ಕರೆಯುತ್ತೇವೆ. ಶೆರಿಂಗ್ಟನ್ನರಿಗೆ ೧೯೩೨ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಜ್ಞಾನ ಇಲ್ಲವಾದರೆ ಏನಾಗುವುದೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ೧೯೭೧ರಲ್ಲಿ ಇಂಗ್ಲೆಂಡಿನ ಹತ್ತೊಂಬತ್ತು ವರ್ಷದ ತರುಣನೊಬ್ಬನಿಗೆ ಜ್ವರದಂಥ ಕಾಯಿಲೆ ಬಂದು, ಕುತ್ತಿಗೆಯಿಂದ ಕೆಳಗೆ ಸ್ಪರ್ಶಜ್ಞಾನವೂ ಅಂಗಸ್ಥಿತಿಜ್ಞಾನವೂ ಹೊರಟುಹೋದುವು. ಸ್ನಾಯುಗಳು ಬಲಹೀನವಾಗಿರಲಿಲ್ಲ, ನೋವು, ಬಿಸಿ, ತಣ್ಣಗೆ ಎಲ್ಲವೂ ತಿಳಿಯುತ್ತಿದ್ದುವು. ಆದರೂ ಅವನಿಗೆ ಎದ್ದು ಕೂರಲಾಗಲಿಲ್ಲ. ಪ್ರತಿಯೊಂದು ಅಂಗವನ್ನೂ ಕಣ್ಣಿನಿಂದ ನೋಡುತ್ತ, ಮನಸ್ಸಿನಿಂದ ಅಪ್ಪಣೆ ಕೊಡುತ್ತ, ಬಹುಕಾಲದ ಸಾಧನೆಯಿಂದ ಅವನು ಮತ್ತೆ ನಡೆಯಲು ಕಲಿತನು. ದೀಪ ಆರಿದರೆ ಮಾತ್ರ ಕುಸಿದು ಬೀಳುತ್ತಿದ್ದನು. ಜೊನಾಥನ್ ಕೋಲ್ ಎಂಬ ವೈದ್ಯರು ೧೯೯೧ರಲ್ಲಿ ಈ ವೃತ್ತಾಂತವನ್ನು ಒಂದು ಗ್ರಂಥವಾಗಿ ಬರೆದಿದ್ದಾರೆ. ನಮ್ಮ ಅಣ್ಣನ ಮಾತನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ.

ಸುದ್ದಿ ಹುಟ್ಟುವ ಸ್ಥಳ

ಚರ್ಮದೊಳಗೆ ಸ್ಪರ್ಶವನ್ನು ಗ್ರಹಿಸುವ ಸೂಕ್ಷ್ಮ ಯಂತ್ರಗಳು ನಾಲ್ಕು ಬಗೆ. ಒಂದು, ಲೋಟ ಬೆರಳಿನಿಂದ ಜಾರುತ್ತಿದೆಯೆಂಬುದನ್ನು ತಿಳಿಸುತ್ತದೆ. ಇನ್ನೊಂದು, ನಾಣ್ಯದ ಅಂಚನ್ನೂ ಬಟ್ಟೆಯ ನೇಯ್ಗೆಯನ್ನೂ ಬಿಡಿಸಿ ಹೇಳುತ್ತದೆ. ಮತ್ತೊಂದು, ಗ್ರೈಂಡರಿನ ಮೈಮುಟ್ಟಿದಾಗಿನ ನಡುಕವನ್ನು ಹಿಡಿಯುತ್ತದೆ. ಉಳಿದೊಂದು, ಚರ್ಮ ಎಳೆದುಕೊಂಡುದನ್ನು ಅರಿಯುತ್ತದೆ. ಒಂದು ಅಂಗೈಯಲ್ಲಿ, ಬೆರಳುಗಳೂ ಸೇರಿ, ಇಂಥ ಸುದ್ದಿ ತರುವ ತಂತುಗಳು ಸುಮಾರು ೧೭,೦೦೦ ಇವೆಯೆಂದು ಲೆಕ್ಕ ಹಾಕಿದ್ದಾರೆ. ಜರ್ಮನಿಯ ಅರ್ನೆಸ್ಟ್ ವೇಬರನು ೧೮೩೪ರಷ್ಟು ಹಿಂದೆಯೇ ಕೈವಾರದ ಎರಡು ಮೊನೆಗಳನ್ನು ಮೈಮೇಲೆ ಊರಿ ಪರೀಕ್ಷೆ ಮಾಡಿದನು. ಬೆರಳ ತುದಿಯಲ್ಲಿ ಮೊನೆಗಳ ನಡುವೆ ಎರಡು ಮೂರು ಮಿಲಿಮೀಟರು ಅಂತರವಿದ್ದರೂ ಎರಡೆಂದು ತಿಳಿಯುತ್ತದೆ. ಬೆನ್ನಿನ ಮೇಲಾದರೋ ಸುಮಾರು ೪೦ ಮಿಲಿಮೀಟರು ಬೇಕು.

ಅಂಗಸ್ಥಿತಿಯ ಸುದ್ದಿ ಹುಟ್ಟುವುದು ಇನ್ನೂ ಆಳದಲ್ಲಿ. ಪ್ರತಿಯೊಂದು ಸ್ನಾಯುವಿನೊಳಗೂ ನೂಲಿನ ಕದಿರಿನ ಆಕಾರದ ಸಣ್ಣ ಉಪಕರಣಗಳಿವೆ. ಸ್ನಾಯು ಎಷ್ಟು ಉದ್ದವಾಯಿತು, ಎಷ್ಟು ಬೇಗ ಎಳೆಯಿತು ಎಂಬುದನ್ನು ಅವು ಅಳೆಯುತ್ತವೆ. ಸ್ನಾಯು ಎಲುಬಿಗೆ ಅಂಟಿದ ಕಡೆಯಲ್ಲಿರುವ ಬೇರೊಂದು ಬಗೆಯವು ಎಳೆತದ ಬಲವನ್ನು ತೂಗುತ್ತವೆ. ಇಡ್ಲಿ ಹಿಟ್ಟಿನ ಪಾತ್ರೆಯನ್ನು ಎತ್ತಿದ ಕೂಡಲೇ ಅರ್ಧ ಬರಿದಾಗಿದೆಯೆಂದು ಭಟ್ಟರು ಮುಚ್ಚಳ ತೆಗೆಯದೆ ಹೇಳುವುದು ಇವುಗಳಿಂದಲೇ.

ಒತ್ತಿದುದು ವಿದ್ಯುತ್ತಿನ ಸುದ್ದಿಯಾಗಿ ಬದಲಾಗುವುದು ಹೇಗೆಂಬುದು ಬಹುಕಾಲ ಗುಟ್ಟಾಗಿಯೇ ಇತ್ತು. ೨೦೧೦ರಲ್ಲಿ ಅಮೇರಿಕೆಯಲ್ಲಿ ಆರ್ಡೆಮ್ ಪಟಪೂಟಿಯನ್ನರೂ ಅವರ ಸಹಕಾರಿಗಳೂ ಒತ್ತಿದಾಗ ತೆರೆಯುವ ಬಾಗಿಲಿನಂಥ ಅಣುಗಳನ್ನು ಕಂಡುಹಿಡಿದರು. ಅವಕ್ಕೆ ಪಿಯೆಜೊ ಎಂದು ಹೆಸರು. ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಇವುಗಳಲ್ಲಿ ಎರಡನೆಯ ಬಗೆಯದು ಹುಟ್ಟಿನಿಂದಲೇ ಕೆಟ್ಟಿದ್ದ ಇಬ್ಬರನ್ನು ಕುರಿತ ವರದಿ ೨೦೧೬ರಲ್ಲಿ ಪ್ರಕಟವಾಯಿತು. ಕಣ್ಣಿಗೆ ಬಟ್ಟೆ ಕಟ್ಟಿದರೆ ಅವರಿಗೆ ನಡೆಯುವುದೇ ಅಸಾಧ್ಯವಾಗಿತ್ತು.

ಐದಡಿ ಉದ್ದದ ಒಂದು ಜೀವಕೋಶ

ಇನ್ನು ದಾರಿಯ ವಿಷಯ. ಕಾಲಿನ ಹೆಬ್ಬೆರಳಿನಲ್ಲಿ ಹುಟ್ಟಿದ ಸುದ್ದಿಯನ್ನು ಹೊರುವ ಜೀವಕೋಶದ ಒಡಲು ಬೆನ್ನೆಲುಬಿನ ಪಕ್ಕದ ಒಂದು ಸಣ್ಣ ಗಂಟಿನಲ್ಲಿದೆ. ಅದರ ಒಂದು ಕೈ ಹೆಬ್ಬೆರಳಿನವರೆಗೆ ಕೆಳಗಿಳಿದಿದೆ. ಇನ್ನೊಂದು ಕೈ ಬೆನ್ನುಹುರಿಯನ್ನು ಹೊಕ್ಕು, ಅದರ ಹಿಂಭಾಗದಲ್ಲಿ ಎಲ್ಲಿಯೂ ನಿಲ್ಲದೆ ಮೇಲೇರಿ, ತಲೆಬುರುಡೆಯ ಬುಡದಲ್ಲಿರುವ ಮಿದುಳಿನ ಕಾಂಡವನ್ನು ಮುಟ್ಟುತ್ತದೆ. ಐದೂವರೆ ಅಡಿಯ ಮನುಷ್ಯನಲ್ಲಿ ಈ ಒಂದೇ ಕೋಶ ಸುಮಾರು ಐದಡಿ ಉದ್ದವಿರುತ್ತದೆ. ನಮ್ಮ ದೇಹದಲ್ಲಿ ಇದಕ್ಕಿಂತ ಉದ್ದವಾದ ಕೋಶವಿಲ್ಲ.

ಬೆನ್ನುಹುರಿಯ ಹಿಂಭಾಗದಲ್ಲಿ ಈ ತಂತುಗಳು ಕುಳಿತುಕೊಳ್ಳುವ ಶಿಸ್ತು ನೋಡತಕ್ಕದ್ದು. ಊರಿನಿಂದ ಮುಂಬಯಿಗೆ ಹೊರಡುವ ಬಸ್ಸಿನಲ್ಲಿ ಮೊದಲ ನಿಲ್ದಾಣದಲ್ಲಿ ಹತ್ತಿದವರು ಒಳಬದಿಯಲ್ಲಿ ಕಿಟಕಿಗೆ ಒತ್ತಿ ಕುಳಿತುಕೊಳ್ಳುತ್ತಾರೆ. ಮುಂದಿನ ಊರುಗಳವರು ಅವರ ಪಕ್ಕಕ್ಕೆ, ಪಕ್ಕಕ್ಕೆ. ಹಾಗೆಯೇ ಕಾಲಿನ ತಂತುಗಳು ನಡುಗೆರೆಗೆ ಒತ್ತಿಕೊಂಡಿವೆ. ಅವುಗಳ ಹೊರಗೆ ಸೊಂಟದವು, ಅದರ ಹೊರಗೆ ಎದೆಯವು, ಎಲ್ಲಕ್ಕೂ ಹೊರಗೆ ತೋಳಿನವು. ಒಳಗಿನ ಕಟ್ಟು ತೆಳುವಾದುದು; ಹೊರಗಿನದು ಬೆಣೆಯ ಆಕಾರದ್ದು. ಎಂದೋ ಹೊರಟ ಈ ಕ್ರಮ ತಲೆಯ ತುದಿಯವರೆಗೆ ಕೆಡುವುದಿಲ್ಲ. ಆದುದರಿಂದಲೇ ಕಾಲಿನ ಸುದ್ದಿ ಕೈಯ ಸುದ್ದಿಯೊಂದಿಗೆ ಬೆರೆತುಹೋಗುವುದಿಲ್ಲ.

ಈ ದಾರಿ ಬಹಳ ವೇಗದ್ದು. ತಂತಿಯ ಮೇಲೆ ರಬ್ಬರು ಹೊದಿಸಿದಂತೆ ಈ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಸ್ಪರ್ಶದ ಸುದ್ದಿ ಸೆಕೆಂಡಿಗೆ ೩೫ರಿಂದ ೭೫ ಮೀಟರು ದೂರ ಓಡುತ್ತದೆ. ಹೆಬ್ಬೆರಳಿನಿಂದ ಮಿದುಳಿನ ಕಾಂಡಕ್ಕೆ ತಲಪಲು ಒಂದು ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಪಾಲು ಸಾಕು.

ಜಂಕ್ಷನ್ನಿನಲ್ಲಿ ಗಾಡಿ ಬದಲು

ಮಿದುಳಿನ ಕಾಂಡವೆಂಬುದು ಬೆನ್ನುಹುರಿಗೂ ದೊಡ್ಡ ಮಿದುಳಿಗೂ ನಡುವೆ ಇರುವ, ಹೆಬ್ಬೆರಳಿಗಿಂತ ತುಸು ದಪ್ಪನಾದ ಭಾಗ. ಅದರ ಕೆಳತುದಿ ಮೆಡುಲ್ಲಾ, ನಡು ಪಾನ್ಸ್, ಮೇಲಿನದು ನಡುಮಿದುಳು. ಪಾನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸೇತುವೆ. ಉಸಿರಾಟ, ಹೃದಯದ ಬಡಿತ, ನುಂಗುವುದು ಇವೆಲ್ಲದರ ಕಾರುಭಾರವೂ ಇಲ್ಲಿಯೇ ನಡೆಯುತ್ತದೆ. ಇಷ್ಟು ಇಕ್ಕಟ್ಟಿನ ಸ್ಥಳದಲ್ಲಿಯೇ ನಮ್ಮ ಸುದ್ದಿಯ ಗಾಡಿಯೂ ಹಾದುಹೋಗಬೇಕು.

ಮೀಟರ್ ಗೇಜು ಇದ್ದ ಕಾಲದಲ್ಲಿ ಊರಿಗೆ ಹೋಗುವಾಗ ಮೀರಜಿನಲ್ಲಿ ಇಳಿದು ಗಾಡಿ ಬದಲಿಸಿದ ನೆನಪು ನಮ್ಮ ಹಿರಿಯ ವಾಚಕರಲ್ಲಿ ಕೆಲವರಿಗೆ ಇದ್ದೀತು. ಮೆಡುಲ್ಲಾದ ಹಿಂಬದಿಯಲ್ಲಿ ಅಂಥವೇ ಎರಡು ಜಂಕ್ಷನ್ನುಗಳು ಪಕ್ಕಪಕ್ಕದಲ್ಲಿವೆ. ಒಂದರಲ್ಲಿ ಕಾಲಿನ ಸುದ್ದಿ, ಇನ್ನೊಂದರಲ್ಲಿ ಕೈಯ ಸುದ್ದಿ ಇಳಿಯುತ್ತದೆ. ಮೊದಲನೆಯ ಕೋಶದ ಕೆಲಸ ಇಲ್ಲಿಗೆ ಮುಗಿಯಿತು. ಎರಡನೆಯ ಕೋಶ ಸುದ್ದಿಯನ್ನು ಕೈಗೆತ್ತಿಕೊಳ್ಳುತ್ತದೆ. ಜಂಕ್ಷನ್ನು ಸುಮ್ಮನೆ ದಾಟಿಸುವ ಸ್ಥಳವಲ್ಲ. ಮುಖ್ಯವಾದ ಸುದ್ದಿಯನ್ನು ಎತ್ತಿಹಿಡಿದು, ಅದರ ಅಕ್ಕಪಕ್ಕದ ಗದ್ದಲವನ್ನು ಅಡಗಿಸುವ ಕೆಲಸವೂ ಇಲ್ಲಿ ನಡೆಯುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಸೂಚನೆ ದೊಡ್ಡ ಮಿದುಳಿನಿಂದಲೂ ಇಲ್ಲಿಗೆ ಬರುತ್ತಿರುತ್ತದೆ.

ಇಲ್ಲಿಯೇ ಒಂದು ದೊಡ್ಡ ಅದಲುಬದಲು ಆಗುತ್ತದೆ. ಎರಡನೆಯ ಕೋಶದ ತಂತುಗಳು ಬಿಲ್ಲಿನಂತೆ ಬಾಗಿ ನಡುಗೆರೆಯನ್ನು ದಾಟುತ್ತವೆ. ಎಡಗಾಲಿನ ಸುದ್ದಿ ಬಲಕ್ಕೂ, ಬಲಗಾಲಿನ ಸುದ್ದಿ ಎಡಕ್ಕೂ ಹೋಗುತ್ತದೆ. ನಮ್ಮ ಎಡಗೈಯನ್ನು ಅರಿಯುವುದು ಬಲಮಿದುಳು ಎಂಬ ಮಾತು ಎಲ್ಲರಿಗೂ ತಿಳಿದಿದೆ. ದಾಟುವ ಸ್ಥಳ ಇದು ಎಂಬುದು ತಿಳಿದವರು ಕಡಿಮೆ.

ದಾಟಿದ ತಂತುಗಳು ಒಟ್ಟುಗೂಡಿ ಚಪ್ಪಟೆಯಾದ ಪಟ್ಟಿಯೊಂದಾಗುತ್ತವೆ. ಲ್ಯಾಟಿನ್ನಿನಲ್ಲಿ ಲೆಮ್ನಿಸ್ಕಸ್, ಎಂದರೆ ರಿಬ್ಬನು. ಮೆಡುಲ್ಲಾದಲ್ಲಿ ಈ ಪಟ್ಟಿ ನೆಟ್ಟಗೆ ನಿಂತಿರುತ್ತದೆ. ಕಾಲಿನ ತಂತುಗಳು ಮುಂದಕ್ಕೆ, ತೋಳಿನವು ಹಿಂದಕ್ಕೆ. ಪಾನ್ಸಿಗೆ ಏರಿದಾಗ ಪಟ್ಟಿ ಮಗ್ಗುಲಾಗುತ್ತದೆ. ತೋಳು ಒಳಬದಿಗೆ, ಕಾಲು ಹೊರಬದಿಗೆ. ನಿಂತಿದ್ದವನು ಒರಗಿಕೊಂಡ ಹಾಗೆ. ಮುಖದ ಸುದ್ದಿ ಬೆನ್ನುಹುರಿಯನ್ನು ಕಾಣುವುದೇ ಇಲ್ಲ. ಅದು ಬೇರೊಂದು ನರದ ಮೂಲಕ ನೇರವಾಗಿ ಪಾನ್ಸಿಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಈ ಪಟ್ಟಿಯ ಪಕ್ಕದಲ್ಲಿಯೇ ಮೇಲಕ್ಕೆ ಪ್ರಯಾಣ ಮಾಡುತ್ತದೆ.

ನಡುಮಿದುಳನ್ನು ದಾಟಿ ಎಲ್ಲವೂ ಥಲಾಮಸ್ ಎಂಬ ಕೇಂದ್ರಕ್ಕೆ ಸೇರುತ್ತವೆ. ಅಲ್ಲಿ ಮೂರನೆಯ ಕೋಶ. ಅದು ಸುದ್ದಿಯನ್ನು ಮಿದುಳಿನ ಮೇಲ್ಪದರದಲ್ಲಿರುವ, ಕಿವಿಯಿಂದ ನೆತ್ತಿಯ ಕಡೆಗೆ ಹಾದುಹೋಗುವ ಒಂದು ಮಡಿಕೆಗೆ ತಲಪಿಸುತ್ತದೆ. ಕೆನಡಾದ ಮಾಂಟ್ರಿಯಾಲಿನಲ್ಲಿ ವೈಲ್ಡರ್ ಪೆನ್‌ಫೀಲ್ಡರು, ಎಚ್ಚರವಾಗಿದ್ದ ರೋಗಿಗಳ ಮಿದುಳಿನ ಶಸ್ತ್ರಕ್ರಿಯೆಯ ವೇಳೆ ಈ ಮಡಿಕೆಯನ್ನು ಅಲ್ಲಲ್ಲಿ ಮೆಲ್ಲನೆ ವಿದ್ಯುತ್ತಿನಿಂದ ಮುಟ್ಟಿ, ಎಲ್ಲಿ ಮುಟ್ಟಿದರೆ ಯಾವ ಅಂಗಕ್ಕೆ ಸ್ಪರ್ಶವಾದಂತೆ ತೋರುವುದೆಂದು ಕೇಳಿ ತಿಳಿದು, ೧೯೩೭ರಲ್ಲಿ ಅದರ ನಕ್ಷೆಯನ್ನು ಪ್ರಕಟಿಸಿದರು. ಆ ನಕ್ಷೆಯಲ್ಲಿ ಬೆನ್ನಿಗೆ ದೊರೆತುದು ಚೋಟುದ್ದದ ಜಾಗ. ತುಟಿಗಳಿಗೂ ಬೆರಳುಗಳಿಗೂ ವಿಸ್ತಾರವಾದ ಜಮೀನು. ದುಡಿಯುವ ಬೆರಳಿಗೆ ಮಿದುಳು ಸಲ್ಲಿಸುವ ಗೌರವ ಅಷ್ಟು.

ಬೇರೆಯೇ ದಾರಿಯ ನೋವು

ಕಾದ ಕಾವಲಿಗೆ ಕೈ ತಾಗಿದ ಅನುಭವ ಇಲ್ಲದ ಹೋಟೆಲು ಕೆಲಸಗಾರರಿಲ್ಲ. ಮೊದಲು ತಾಗಿತೆಂಬ ಅರಿವು, ಮರುಕ್ಷಣ ಚುರುಕು, ಆಮೇಲೆ ಬಹಳ ಹೊತ್ತು ಉಳಿಯುವ ಉರಿ. ಈ ಮೂರೂ ಬೇರೆ ಬೇರೆ ತಂತುಗಳಲ್ಲಿ ಬರುತ್ತವೆ. ಕೊನೆಯ ಉರಿಯನ್ನು ತರುವ ತಂತುಗಳಿಗೆ ಹೊದಿಕೆಯಿಲ್ಲ. ಅವುಗಳ ವೇಗ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರು ಮಾತ್ರ. ನೋವು ಮತ್ತು ಶಾಖದ ಸುದ್ದಿಗಳು ಮೆಡುಲ್ಲಾದವರೆಗೆ ಕಾಯದೆ, ಬೆನ್ನುಹುರಿಯನ್ನು ಹೊಕ್ಕ ಸ್ಥಳದ ಸಮೀಪದಲ್ಲಿಯೇ ಗಾಡಿ ಬದಲಿಸಿ ಆಚೆಯ ಬದಿಗೆ ದಾಟಿಬಿಡುತ್ತವೆ.

ಇದರಿಂದ ಒಂದು ವಿಚಿತ್ರ ಫಲವುಂಟು. ಬೆನ್ನುಹುರಿಯ ಎಡ ಅರ್ಧಕ್ಕೆ ಮಾತ್ರ ಗಾಯವಾದವನಿಗೆ, ಗಾಯದ ಕೆಳಗೆ ಎಡಗಾಲಿನ ಚಲನೆಯೂ ಸೂಕ್ಷ್ಮ ಸ್ಪರ್ಶವೂ ಅಂಗಸ್ಥಿತಿಜ್ಞಾನವೂ ಹೋಗುತ್ತವೆ. ನೋವು ಮತ್ತು ಶಾಖ ಹೋಗುವುದು ಬಲಗಾಲಿನಲ್ಲಿ! ಮಾರಿಷಸ್ ದ್ವೀಪದಲ್ಲಿ ಹುಟ್ಟಿದ ಬ್ರೌನ್-ಸೇಕಾರ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇದನ್ನು ವಿವರಿಸಿದನು. ಇಂದಿಗೂ ವೈದ್ಯರು ಸೂಜಿಯ ಮೊನೆ, ಹತ್ತಿಯ ತುಣುಕು, ಕಂಪಿಸುವ ಸ್ವರದ ಕವೆ ಇಷ್ಟನ್ನು ಹಿಡಿದು ದಾರಿ ಎಲ್ಲಿ ಕಡಿದಿದೆಯೆಂಬುದನ್ನು ಬಹುಮಟ್ಟಿಗೆ ಊಹಿಸಬಲ್ಲರು.

ಇನ್ನೂ ಒಂದು ಮಾತು. ಸ್ನಾಯುಗಳ ಸುದ್ದಿಯ ಎರಡನೆಯ ಪ್ರತಿಯೊಂದು ತಲೆಯ ಹಿಂಬದಿಯ ಕಿರಿಮಿದುಳಿಗೆ ಹೋಗುತ್ತದೆ. ದೊಡ್ಡ ಮಿದುಳಿಗೆ ಹೋದ ಪ್ರತಿ ನಮ್ಮ ಅರಿವಿಗೆ ಬರುತ್ತದೆ. ಕಿರಿಮಿದುಳಿಗೆ ಹೋದದ್ದು ನಮಗೆ ತಿಳಿಯದೆಯೇ ಹೆಜ್ಜೆಯನ್ನು ತಿದ್ದುತ್ತದೆ. ಮಾಲಿಕನಿಗೆ ಒಂದು ಬಿಲ್ಲು, ಅಡಿಗೆಮನೆಗೆ ಒಂದು ಚೀಟಿ ಇದ್ದ ಹಾಗೆ. ಒದ್ದೆ ನೆಲದಲ್ಲಿ ಮಾಣಿಯ ಹೆಜ್ಜೆ ತಾನಾಗಿ ಸಣ್ಣದಾಗುವುದರಲ್ಲಿ ಈ ಚೀಟಿಯ ಕೈವಾಡವೂ ಉಂಟು.

ದಾರಿ ಕೆಡುವುದು ಹೇಗೆ

ಕಣ್ಣು ಮುಚ್ಚಿಸಿ ನಿಲ್ಲಿಸುವ ಆ ಪರೀಕ್ಷೆಗೆ ಬರ್ಲಿನ್ನಿನ ಮೋರಿಟ್ಸ್ ರೋಂಬರ್ಗನ ಹೆಸರಿದೆ. ೧೮೪೦ರ ದಶಕದಲ್ಲಿ ಅವನು ಬೆನ್ನುಹುರಿಯ ಹಿಂಭಾಗ ಸವೆದ ರೋಗಿಗಳು ಕತ್ತಲೆಯಲ್ಲಿ ಬೀಳುವುದನ್ನು ವರ್ಣಿಸಿದನು. ಕಣ್ಣು ತೆರೆದಿರುವಾಗ ನೋಟವು ಕೊರತೆಯನ್ನು ತುಂಬಿಕೊಡುತ್ತದೆ. ಮುಚ್ಚಿದಾಗ ಗುಟ್ಟು ಹೊರಬೀಳುತ್ತದೆ.

ಅಣ್ಣನ ರಕ್ತವನ್ನು ಪರೀಕ್ಷೆಗೆ ಕಳುಹಿಸಿದಾಗ ಅದರಲ್ಲಿ ಬಿ-೧೨ ಎಂಬ ಜೀವಸತ್ವ ಅತ್ಯಲ್ಪವಾಗಿತ್ತು. ನಾವು ಮೇಲೆ ಹೇಳಿದ ಮಯಲಿನ್ ಹೊದಿಕೆ ಸರಿಯಾಗಿರಲು ಈ ಸತ್ವ ಬೇಕೇ ಬೇಕು. ಅದಿಲ್ಲದಿದ್ದರೆ ಬೆನ್ನುಹುರಿಯ ಹಿಂಭಾಗದ ಉದ್ದವಾದ ತಂತುಗಳೇ ಮೊದಲು ಕೆಡುವುದು ವಾಡಿಕೆ. ಲಂಡನ್ನಿನ ಮೂವರು ವೈದ್ಯರು ೧೯೦೦ರಲ್ಲಿಯೇ ಈ ರೋಗವನ್ನು ವಿವರಿಸಿದ್ದರು. ಆದರೆ ಆ ಸತ್ವವನ್ನು ಬೇರ್ಪಡಿಸಿ ತೆಗೆದುದು ೧೯೪೮ರಲ್ಲಿ. ಡೊರೊತಿ ಹಾಡ್ಜ್‌ಕಿನ್ ಎಂಬ ವಿದುಷಿ ೧೯೫೬ರ ವೇಳೆಗೆ ಅದರ ರಚನೆಯನ್ನು ಬಿಡಿಸಿ ತೋರಿಸಿದರು. ೧೯೬೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈಗ ನಮ್ಮವರಿಗೆ ಸಂಬಂಧಿಸಿದ ಮಾತು. ದಿನಕ್ಕೆ ಬೇಕಾದ ಬಿ-೧೨ ಎರಡು ಮೈಕ್ರೋಗ್ರಾಮಿಗಿಂತ ತುಸು ಹೆಚ್ಚು, ಅಷ್ಟೇ. ಆದರೆ ಅದು ಅಕ್ಕಿಯಲ್ಲಿ ಇಲ್ಲ, ಬೇಳೆಯಲ್ಲಿ ಇಲ್ಲ, ತರಕಾರಿಯಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಹುದುಗಿದ ಹಿಟ್ಟಿನ ಇಡ್ಲಿ ದೋಸೆಗಳಲ್ಲಿ ಅದು ದೊರೆಯುವುದೆಂದು ನೆಚ್ಚಿ ಕೂರುವಂತಿಲ್ಲ. ಈರಲ್ಲಿ ಅದನ್ನು ವರ್ಷಗಟ್ಟಲೆ ಕೂಡಿಟ್ಟುಕೊಂಡಿರುವುದರಿಂದ ಕೊರತೆ ಬಹು ತಡವಾಗಿ ತೋರುತ್ತದೆ. ಶಾಕಾಹಾರಿಗಳಾಗಿದ್ದು ಹಾಲು ಮೊಸರನ್ನೂ ಕಡಿಮೆ ಮಾಡಿದವರಿಗೆ, ಹೊಟ್ಟೆಯಲ್ಲಿ ಅದನ್ನು ಹೀರಿಕೊಳ್ಳುವ ಶಕ್ತಿ ಕುಂದಿದವರಿಗೆ, ಸಿಹಿಮೂತ್ರಕ್ಕಾಗಿ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಳಿಂದ ನುಂಗುವವರಿಗೆ ಈ ಅಪಾಯ ಹೆಚ್ಚು. ಸಿಹಿಮೂತ್ರ ರೋಗವೇ ಕಾಲಿನ ನರಗಳನ್ನು ಬೇರೆಯಾಗಿ ಕೆಡಿಸಬಲ್ಲುದೆಂಬುದನ್ನೂ ಮರೆಯಬಾರದು.

ರಕ್ತಹೀನತೆಯೆಂದು ತಾವೇ ಅಂಗಡಿಯಿಂದ ಟಾನಿಕ್ಕು ತಂದು ಕುಡಿಯುವವರಿಗೆ ಒಂದು ಎಚ್ಚರಿಕೆ. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಇದೇ ಮುಂಬಯಿಗೆ ಬಂದು, ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದನ್ನು ತೋರಿಸಿದರು. ಅದರಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಪ್ರಸಿದ್ಧವಾಯಿತು. ಆದರೆ ಬಿ-೧೨ರ ಕೊರತೆಯಿರುವವರು ಫೋಲಿಕ್ ಆಮ್ಲವೊಂದನ್ನೇ ತೆಗೆದುಕೊಂಡರೆ ರಕ್ತ ಸುಧಾರಿಸಿದಂತೆ ತೋರುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಆದುದರಿಂದ ಪರೀಕ್ಷೆ ಮೊದಲು, ಔಷಧ ಆಮೇಲೆ.

ನೀರುಮಜ್ಜಿಗೆಯ ಪಾತ್ರೆ

ಅಣ್ಣನಿಗೆ ಚುಚ್ಚುಮದ್ದು ಆರಂಭವಾಯಿತು. ಅವರು ಏನೇನು ತಿನ್ನುತ್ತಾರೆಂದು ವೈದ್ಯರು ನಮ್ಮನ್ನು ಕೇಳಿದರು. ನಮ್ಮ ಹೋಟೆಲಿನಲ್ಲಿಯೇ ಊಟವೆಂದು ಹೆಮ್ಮೆಯಿಂದ ಹೇಳಿದೆವು. ಏನು ಊಟ ಎಂದರು. ಅನ್ನ, ಸಾರು, ಪಲ್ಯ, ಮಜ್ಜಿಗೆ ಎಂದೆವು. ಮಜ್ಜಿಗೆ ಎಷ್ಟು ಗಟ್ಟಿ ಎಂದರು. ಆಗ ನಮ್ಮ ನಾಲಿಗೆ ಕಟ್ಟಿತು. ಗಟ್ಟಿ ಮೊಸರು ಗಿರಾಕಿಗೆ. ಅದರ ಪಾತ್ರೆ ತೊಳೆದ ನೀರಿಗಿಂತ ಸ್ವಲ್ಪ ಬೆಳ್ಳಗಿನದು ಕೆಲಸಗಾರರಿಗೆ. ಹಾಗೆ ಮಾಡಲು ಹೇಳಿದವರು ನಾವೇ. ಚಹಾದಲ್ಲಿಯೂ ಅವರ ಪಾಲಿನ ಹಾಲನ್ನು ನಾವು ಅಳೆದು ಹಾಕಿಸುತ್ತಿದ್ದೆವು. ಇದೊಂದರಿಂದಲೇ ರೋಗ ಬಂತೆಂದು ವೈದ್ಯರು ಹೇಳಲಿಲ್ಲ. ಅಣ್ಣನ ಹೊಟ್ಟೆ ಆ ಸತ್ವವನ್ನು ಹೀರಿಕೊಳ್ಳುವುದೂ ಕಡಿಮೆಯಾಗಿತ್ತಂತೆ. ಆದರೆ ಇದೊಂದೂ ಕಾರಣವಲ್ಲವೆಂದು ಹೇಳಿ ಅವರು ನಮ್ಮನ್ನು ಸಮಾಧಾನಪಡಿಸಲೂ ಇಲ್ಲ.

ಕೆಲವು ತಿಂಗಳಲ್ಲಿ ಕೈಗಳ ಜೋಮು ಇಳಿಯಿತು. ಲೋಟಗಳು ಬೀಳುವುದು ನಿಂತಿತು. ಪಾದಗಳು ಪೂರ್ತಿಯಾಗಿ ಮರಳಲಿಲ್ಲ. 'ಆರು ತಿಂಗಳು ಮೊದಲು ಬಂದಿದ್ದರೆ' ಎಂದು ವೈದ್ಯರು ಅರ್ಧಕ್ಕೆ ಮಾತು ನಿಲ್ಲಿಸಿದರು. ಆ ಆರು ತಿಂಗಳಲ್ಲಿ ನಾವು ಮಾಡಿದ್ದು ಲೋಟದ ಲೆಕ್ಕ. ಮುರಿದುಕೊಂಡಿದ್ದ ಹಣವನ್ನು ಹಿಂದಿರುಗಿಸಹೋದಾಗ ಅವರು, "ಲೋಟ ಒಡೆದದ್ದು ಹೌದಲ್ಲ ಧಣಿ" ಎಂದು ತೆಗೆದುಕೊಳ್ಳಲು ಒಪ್ಪಲಿಲ್ಲ. ಅವರನ್ನು ಗಲ್ಲಾಪೆಟ್ಟಿಗೆಯ ಬಳಿ ಕೂರಿಸಿದೆವು. ಹೋಟೆಲನ್ನು ನಾವು ಬೇರೆಯವರಿಗೆ ಒಪ್ಪಿಸುವವರೆಗೂ ಅವರು ಅಲ್ಲಿಯೇ ಇದ್ದರು. ಈಗ ಊರಿನಲ್ಲಿದ್ದಾರೆ. ಸಂಜೆಯಾದರೆ ಟಾರ್ಚು ಹಿಡಿದು, ಕಾಲನ್ನು ನೋಡಿಕೊಂಡು ನಡೆಯುತ್ತಾರೆ.

ನಮ್ಮ ವಾಚಕರಲ್ಲಿ ನಮ್ಮ ಅರಿಕೆ ಇಷ್ಟು. ಪಾದಗಳಲ್ಲಿ ಬಹುದಿನ ಜೋಮು ಹಿಡಿದಂತಿದ್ದರೆ, ಚಪ್ಪಲಿ ಕಾಲಿನಿಂದ ಜಾರಿದುದು ತಿಳಿಯದಿದ್ದರೆ, ಕತ್ತಲೆಯಲ್ಲಿ ತೂರಾಡುವಂತಾದರೆ, ಅಂಗಿಯ ಗುಂಡಿ ಹಾಕಲು ಕಣ್ಣಿನ ಸಹಾಯ ಬೇಕಾದರೆ, ವಯಸ್ಸಾಯಿತೆಂದು ಸುಮ್ಮನಿರಬೇಡಿ. ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆಯ ವಿಷಯ ಕೇಳಿ. ಒಂದು ಬದಿಯ ಕೈಕಾಲು ಇದ್ದಕ್ಕಿದ್ದಂತೆ ಮರಗಟ್ಟಿದರೆ ಅದು ಮಿದುಳಿನ ರಕ್ತನಾಳದ ಆಘಾತವಿರಬಹುದು. ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಾಲಿಕರಾದ ನಮ್ಮ ಹಳೆಯ ವೃತ್ತಿಬಾಂಧವರಲ್ಲಿಯೂ ಒಂದು ಮಾತು. ಇಂದು ರಾತ್ರಿ ಕೆಲಸಗಾರರ ಪಂಕ್ತಿಯಲ್ಲಿ ತಾವೂ ಒಮ್ಮೆ ಕುಳಿತು, ಅವರಿಗೆ ಬಡಿಸಿದ ಮಜ್ಜಿಗೆಯನ್ನೇ ಬಡಿಸಿಕೊಂಡು ನೋಡಬೇಕು. ಅಟ್ಟದ ಮೆಟ್ಟಿಲಿಗೆ ಒಂದು ದೀಪ ಹಾಕಿಸಬೇಕು. ಹಳೆಯ ಕೈಯೊಂದು ಲೋಟ ಒಡೆದರೆ, ಚೂರುಗಳನ್ನು ಎಣಿಸುವ ಮೊದಲು, "ಅಣ್ಣ, ಕಾಲಡಿಯ ನೆಲ ಸರಿಯಾಗಿ ತಿಳಿಯುತ್ತದೆಯೇ?" ಎಂದು ಕೇಳಬೇಕು. ನಾವು ಕೇಳಲಿಲ್ಲ.